ಇಸವಿ ಬಿಡದ ಮೇಷ್ಟ್ರು

ನಮ್ಮ ಕಾಲೇಜಿನ ಆಫೀಸಿನ ಬೀರುವಿನಲ್ಲಿ ಒಂದು ಫೈಲಿದೆ. ಅದರಲ್ಲಿ ಮೇಷ್ಟ್ರ ಹೆಸರಿನ ಕೆಳಗೆ, ‘ಪ್ರಶ್ನೆಪತ್ರಿಕೆಯಲ್ಲಿ ಇಸವಿಯನ್ನೂ ದೇಶದ ಹೆಸರನ್ನೂ ನಮೂದಿಸದೆ ಗಂಭೀರ ನಿರ್ಲಕ್ಷ್ಯ ತೋರಿದ ಕಾರಣ ಸೇವೆಯಿಂದ ವಜಾ ಮಾಡಲಾಗಿದೆ’ ಎಂದು ಬರೆದಿದೆ. ಇದು ಸುಳ್ಳು. ಸುಳ್ಳು ಯಾರದು ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ, ನನ್ನದೇ. ಆ ಬೀರುವಿನ ಬೀಗದ ಕೈ ಈಗ ನನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ. ಯಾಕೆಂದರೆ ನಾನೀಗ ಅದೇ ಕಾಲೇಜಿನ ಪ್ರಿನ್ಸಿಪಾಲ್.

ಮೇಷ್ಟ್ರು ಹೋಗಿ ನಾಲ್ಕು ತಿಂಗಳಾಯಿತು. ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಸಂಪಾದಕರು ದುಂಬಾಲು ಬಿದ್ದಿದ್ದಾರೆ. ‘ನಿಮ್ಮಷ್ಟು ಹತ್ತಿರದಿಂದ ಅವರನ್ನ ಕಂಡೋರು ಇನ್ಯಾರಿದಾರೆ ಸಾರ್’ ಅಂದರು. ಹೌದಪ್ಪ, ನನ್ನಷ್ಟು ಹತ್ತಿರ ಯಾರೂ ಇರಲಿಲ್ಲ. ಬೆನ್ನಿಗೆ ಚೂರಿ ಹಾಕುವವನು ಹತ್ತಿರವೇ ಇರಬೇಕಲ್ಲ! ಬರೆಯುತ್ತಿದ್ದೇನೆ. ಓದಿದ ಮೇಲೆ ಅಚ್ಚು ಹಾಕುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಮೇಷ್ಟ್ರು ಗುಬ್ಬಿಯವರು. ದಿನಾ ಬೆಳಿಗ್ಗೆ ರೈಲಿನಲ್ಲಿ ತುಮಕೂರಿಗೆ ಬರುವುದು, ಸಂಜೆ ರೈಲಿಗೆ ವಾಪಸ್ ಹೋಗುವುದು. ಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಒಂದು ಕಂದು ಕೋಟು. ಅದರ ಬಲಗಡೆ ಜೇಬಿನಲ್ಲಿ ಹುರಿದ ಕಡಲೆಕಾಯಿ. ತಿಂದ ಮೇಲೆ ಸಿಪ್ಪೆಯನ್ನು ನೆಲಕ್ಕೆ ಹಾಕದೆ ಎಡಗಡೆ ಜೇಬಿಗೆ ತುಂಬಿಕೊಳ್ಳುತ್ತಿದ್ದರು. ‘ಮೇಷ್ಟ್ರ ಕೋಟಲ್ಲಿ ಒಂದು ಕಡೆ ಫಸಲು, ಇನ್ನೊಂದು ಕಡೆ ಗೊಬ್ಬರ’ ಅಂತ ಸ್ಟಾಫ್‌ರೂಮಿನಲ್ಲಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಬಿ.ಎ. ಕೊನೆಯ ಎರಡು ವರ್ಷಕ್ಕೆ ಅಮೆರಿಕದ ಇತಿಹಾಸ ಪಾಠ ಮಾಡುತ್ತಿದ್ದುದರಿಂದ ಊರಿಗೆಲ್ಲ ಅವರು ‘ಅಮೆರಿಕ ಮೇಷ್ಟ್ರು’. ಪೂರ್ವಕ್ಕೆ ಮದರಾಸು ದಾಟಿದವರಲ್ಲ, ಪಶ್ಚಿಮಕ್ಕೆ ಅರಸೀಕೆರೆ ದಾಟಿದ್ದರೋ ಇಲ್ಲವೋ.

ಅವರ ಪಾಠದಲ್ಲಿ ಒಂದು ವಿಚಿತ್ರವಿತ್ತು. ಅಮೆರಿಕದ ಯಾವ ಅಧ್ಯಕ್ಷನ ಹೆಸರನ್ನೂ ಅವರು ಹೇಳುತ್ತಿರಲಿಲ್ಲ. ಎರಡನೆಯ ಅಧ್ಯಕ್ಷರು ಅವರ ಬಾಯಲ್ಲಿ ‘ಎರಡ್ನೇರು’, ಮೂರನೆಯವರು ‘ಮೂರ್ನೇರು’. ‘ಹೆಸರು ಹೇಳಿದ್ರೆ ನೀವು ಬರೀ ಹೆಸರು ಉರು ಹೊಡೀತೀರ. ಅವನು ಏನ್ಮಾಡ್ದ ಅನ್ನೋದು ತಲೇಲಿ ಇರಲ್ಲ. ಹೆಸರು ಪುಸ್ತಕದಲ್ಲಿದೆ, ನೋಡ್ಕೊಳ್ಳಿ’ ಅನ್ನುವರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸಾರ್, ನಮ್ಮಜ್ಜಿನೂ ಹಿಂಗೇ, ನಮ್ಮ ತಾತನ ಹೆಸರು ಹೇಳಲ್ಲ’ ಅಂದಾಗ ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಸಿಟ್ಟಾಗಲಿಲ್ಲ. ‘ನಿಮ್ಮ ತಾತ ಯಾವ ಇಸವಿಲಿ ಹುಟ್ಟಿದ್ದು?’ ಅಂತ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ‘ನೋಡಿದ್ಯಾ? ಹೆಸರೂ ಇಲ್ಲ, ಇಸವಿನೂ ಇಲ್ಲ. ಒಂದಾದ್ರೂ ಇಟ್ಕೊಳಮ್ಮ’ ಅಂದರು.

ಇಸವಿ ಅಂದರೆ ಅವರಿಗೆ ಜೀವ. ಸ್ಟಾಫ್‌ರೂಮಿನಲ್ಲಿ ಯಾರಾದರೂ ‘ನಮ್ಮ ಮಾವನಿಗೆ ಲಕ್ವ ಹೊಡೆದಾಗ’ ಅಂತ ಶುರುಮಾಡಿದರೆ ಮೇಷ್ಟ್ರು ಕಡಲೆಕಾಯಿ ಬಾಯಲ್ಲಿಟ್ಟುಕೊಂಡೇ ‘ಯಾವ ಇಸವಿ?’ ಅನ್ನುವರು. ‘ಇಸವಿ ಇಲ್ಲ, ಊರಿಲ್ಲ ಅಂದ್ರೆ ಅದು ಚರಿತ್ರೆ ಅಲ್ಲ ಕಣ್ರೋ, ಅಡುಗೂಲಜ್ಜಿ ಕತೆ. ಒಂದೂರಲ್ಲಿ ಒಬ್ಬ ರಾಜ ಇದ್ದ ಅಂದ್ಬಿಟ್ರೆ ಮುಗೀತು, ಅದನ್ನ ಯಾವನ ತಲೆಗೆ ಬೇಕಾದ್ರೂ ಕಟ್ಬಹುದು’ ಎಂದು ನಮಗೆ ಮೊದಲ ದಿನವೇ ಹೇಳಿದ್ದರು.

ನಾನು ಅವರ ಕ್ಲಾಸಿನಲ್ಲಿ ಕೂತಿದ್ದು ಎಪ್ಪತ್ತೊಂದರಲ್ಲಿ. ಅಮೆರಿಕದ ಮೊದಲ ಎರಡು ಪಕ್ಷಗಳ ಜಗಳವನ್ನು ಅವರು ನಮ್ಮ ಜಿಲ್ಲೆಗೇ ತಂದು ಇಳಿಸಿದ್ದರು. ‘ಒಂದು ಪಕ್ಷ ನಮ್ಮ ಮಂಡಿಪೇಟೆ ಸಾಹುಕಾರರದು. ಬ್ಯಾಂಕ್ ಬೇಕು, ಬಂದರು ಬೇಕು, ರಾಜಧಾನೀಲಿ ಗಟ್ಟಿ ಸರ್ಕಾರ ಬೇಕು. ಇನ್ನೊಂದು ಮಾರ್ಕೋನಹಳ್ಳಿ ಕಾಲುವೆ ಕೆಳಗಿನ ರೈತಂದು. ನನ್ನ ಗದ್ದೆಗೆ ನಾನೇ ಯಜಮಾನ, ರಾಜಧಾನಿಯೋನು ಬಂದು ಏನ್ ಕಡಿದಾನು ಅನ್ನೋನು. ಇಬ್ರೂ ಸೇರಿ ದೇಶ ಕಟ್ಟಿದೋರೇ. ಹತ್ತು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡ್ದಂಗಾದ್ರು.’ ಸಾವಿರದ ಎಂಟುನೂರರ ಚುನಾವಣೆಯಲ್ಲಿ ರೈತರ ಪಕ್ಷ ಗೆದ್ದಿತು. ಆದರೆ ಅದೇ ಪಕ್ಷದ ಇಬ್ಬರಿಗೆ ಸಮಸಮ ಓಟು ಬಿದ್ದು, ಯಾರು ಅಧ್ಯಕ್ಷ ಅನ್ನುವುದು ಪ್ರತಿನಿಧಿಗಳ ಸಭೆಗೆ ಹೋಯಿತು. ಅಲ್ಲಿ ಮೂವತ್ತಾರು ಸಲ ಓಟು ಹಾಕಬೇಕಾಯಿತು.

ಅದನ್ನು ಬರೀ ಹೇಳಿದರೆ ಮೇಷ್ಟ್ರಿಗೆ ಸಮಾಧಾನವಿಲ್ಲ. ಕ್ಲಾಸನ್ನು ಎರಡು ಪಾಲು ಮಾಡಿ ನಮ್ಮಿಂದಲೂ ಮೂವತ್ತಾರು ಸಲ ಓಟು ಹಾಕಿಸಿದರು. ಮೊದಲು ತಮಾಷೆಯಾಗಿತ್ತು. ಇಪ್ಪತ್ತನೆಯ ಸಲಕ್ಕೆ ಯಾರೂ ನಗುತ್ತಿರಲಿಲ್ಲ. ಕುಣಿಗಲ್ ಕಡೆಯವನೊಬ್ಬ ಬೆಂಚು ಹತ್ತಿ ನಿಂತು, ‘ನಮ್ಮೋನು ಗೆಲ್ದೆ ಹೋದ್ರೆ ತಲೆ ಒಡೀತೀನಿ ಕಣ್ಲಾ’ ಎಂದು ಕೂಗಿದ. ಮೇಷ್ಟ್ರು ಕೈ ತಟ್ಟಿದರು. ‘ಹಾಂ! ಅವರೂ ಹಿಂಗೇ ಅಂದ್ರು. ದಂಡು ಕಟ್ಕೊಂಡು ಬರ್ತೀವಿ ಅಂತ ಹೆದರ್ಸಿದ್ರು. ಆದ್ರೆ ಬರಲಿಲ್ಲ. ಈಗ ಮುಂದಿಂದು ಬರ್ಕೊಳಿ. ಸಾವಿರದ ಎಂಟುನೂರ ಒಂದು, ಮಾರ್ಚ್ ನಾಲ್ಕು. ಸೋತಿದ್ದ ಎರಡ್ನೇರು ಬೆಳಕು ಹರಿಯೋಕೆ ಮುಂಚೆ ಗಾಡಿ ಹತ್ತಿ ತಮ್ಮೂರಿಗೆ ಹೊರಟೋದ್ರು. ಗೆದ್ದೋರ ಸಮಾರಂಭಕ್ಕೆ ನಿಲ್ಲಲಿಲ್ಲ. ಮನಸ್ಸು ಕಹಿಯಾಗಿತ್ತು, ನಿಜ. ಆದ್ರೆ ಸೈನ್ಯ ಕರೀಲಿಲ್ಲ, ಕುರ್ಚಿ ತಬ್ಕೊಂಡು ಕೂರಲಿಲ್ಲ. ಎದ್ದು ಹೋದ್ರು. ಅಷ್ಟೇ ಕಣ್ರಯ್ಯಾ. ಇದಕ್ಕಿಂತ ದೊಡ್ಡದು ನಾನು ನಿಮಗೆ ಏನೂ ಹೇಳ್ಕೊಡಲ್ಲ.’

ಮೈಸೂರಿಗೆ ಹೋಗಿ ಎಂ.ಎ. ಮುಗಿಸಿಕೊಂಡು ಬಂದಾಗ ನನ್ನ ಕೈ ಹಿಡಿದುಕೊಂಡು ಹೋಗಿ ಆಗಿನ ಪ್ರಿನ್ಸಿಪಾಲರ ಮುಂದೆ ನಿಲ್ಲಿಸಿದವರು ಅವರೇ. ‘ಇವನು ಇಸವಿ ತಪ್ಪಲ್ಲ. ತಗೊಳ್ಳಿ’ ಅಂದರು. ನನ್ನ ಇಂಟರ್‌ವ್ಯೂ ಅಲ್ಲಿಗೆ ಮುಗಿಯಿತು. ಕೆಲಸ ತಾತ್ಕಾಲಿಕ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಆರ್ಡರ್ ಆಗಬೇಕು. ಅವರ ಪಕ್ಕದ ಕುರ್ಚಿಯೇ ನನಗೆ ಸಿಕ್ಕಿತು, ಜೊತೆಗೆ ಬಲಗಡೆ ಜೇಬಿನಲ್ಲಿ ಒಂದು ಪಾಲು.

ತುರ್ತುಪರಿಸ್ಥಿತಿ ಬಂತು. ಅಷ್ಟು ದಿನ ಎಲ್ಲ ಸರ್ಕಾರಗಳನ್ನೂ ಜಾಲಾಡುತ್ತಿದ್ದ ಸ್ಟಾಫ್‌ರೂಮು ಹುಣಸೆಹಣ್ಣಿನ ಧಾರಣೆ ಬಿಟ್ಟು ಬೇರೆ ಮಾತಾಡದಂತಾಯಿತು. ಮೇಷ್ಟ್ರು ಮಾತ್ರ ಬದಲಾಗಲಿಲ್ಲ. ಪ್ರತಿ ವರ್ಷದಂತೆ ಆ ವರ್ಷವೂ, ಎರಡನೆಯ ಅಧ್ಯಕ್ಷರ ಪಕ್ಷ ಸಾವಿರದ ಏಳುನೂರ ತೊಂಬತ್ತೆಂಟರಲ್ಲಿ ತಂದ ಕಾನೂನಿನ ಪಾಠಕ್ಕೆ ಬಂದರು. ಅಧ್ಯಕ್ಷರನ್ನೂ ಸರ್ಕಾರವನ್ನೂ ಹೀಯಾಳಿಸಿ ಬರೆದವರನ್ನು ಜೈಲಿಗೆ ಹಾಕುವ ಕಾನೂನು ಅದು. ಪತ್ರಿಕೆಯವರು ಜೈಲಿಗೆ ಹೋದರು. ಒಬ್ಬ ಪ್ರತಿನಿಧಿಯಂತೂ ಜೈಲಿನಲ್ಲಿ ಕೂತುಕೊಂಡೇ ಚುನಾವಣೆ ಗೆದ್ದ. ಎರಡು ವರ್ಷಕ್ಕೆ ಜನ ಆ ಪಕ್ಷವನ್ನೇ ಮನೆಗೆ ಕಳಿಸಿದರು. ಈ ಪಾಠದ ದಿನ ಕಾಮರ್ಸ್ ಹುಡುಗರೆಲ್ಲ ಬಂದು ಕಿಟಕಿಗೆ ಜೋತುಬಿದ್ದಿದ್ದರು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ‘ಹದಿನೈದು ವರ್ಷದಿಂದ ಇದೇ ಪಾಠ ಮಾಡ್ತಿದೀನಿ. ಪಾಠ ಅದೇ, ನಿಮ್ಮ ಕಿವಿ ಬದಲಾಗಿದೆ ಅಷ್ಟೆ. ಹೋಗಿ ನಿಮ್ಮ ಕ್ಲಾಸಿಗೆ’ ಎಂದು ಗದರಿದರು.

ಸಂಜೆ ಸ್ಟೇಷನ್ನಿನವರೆಗೂ ಜೊತೆಗೆ ನಡೆಯುತ್ತ ನಾನು, ‘ಸಾರ್, ಇದೊಂದು ವರ್ಷ ಆ ಚಾಪ್ಟರ್ ಬಿಟ್ಟುಬಿಡಬಹುದಿತ್ತು’ ಅಂದೆ.

‘ಹೇಳೋದು ಪಾಠ ಕಣಯ್ಯ. ಬಿಡೋದು ರಾಜಕೀಯ. ನನಗೆ ರಾಜಕೀಯ ಬರಲ್ಲ’ ಅಂದರು.

ಎಪ್ಪತ್ತಾರರ ಬೇಸಿಗೆಯ ಶುರುವಿನಲ್ಲಿ ಪ್ರಿಪರೇಟರಿ ಪರೀಕ್ಷೆ. ಮೇಷ್ಟ್ರು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೈಯಲ್ಲಿ ಬರೆದುಕೊಡುವುದು, ನಾನು ಕನ್ನಡಕ್ಕೆ ತಂದು ಸ್ಟೆನ್ಸಿಲ್ ಕೊರೆಯುವುದು, ಇದು ನಮ್ಮಿಬ್ಬರ ನಡುವಿನ ಪದ್ಧತಿ. ಸ್ಟೆನ್ಸಿಲ್ ಅಂದರೆ ಮೇಣ ಹಚ್ಚಿದ ಹಾಳೆ. ಅದರ ಮೇಲೆ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆದು, ಯಂತ್ರಕ್ಕೆ ಕಟ್ಟಿ, ಮಸಿಯ ರೋಲರ್ ತಿರುಗಿಸಿದರೆ ನೂರಾರು ಪ್ರತಿ ಬರುತ್ತದೆ. ಒಂದು ಪತ್ರಿಕೆಗೆ ಒಂದೇ ಸ್ಟೆನ್ಸಿಲ್ ಎಂದು ಆಫೀಸಿನ ಕಟ್ಟುನಿಟ್ಟು. ಎರಡನೆಯದು ಬೇಕಾದರೆ ಹೆಡ್‌ಕ್ಲರ್ಕ್‌ಗೆ ಅರ್ಜಿ ಬರೆದುಕೊಡಬೇಕು, ಅವನು ಮುಖ ಸಿಂಡರಿಸುವುದನ್ನು ನೋಡಬೇಕು. ನಾನು ಆ ದಿನ ಕಾಲೇಜಿನ ಹೆಸರನ್ನು ಚೆಂದಕ್ಕೆ ದಪ್ಪವಾಗಿ ಕೊರೆದುಬಿಟ್ಟಿದ್ದೆ. ಅದರ ಕೆಳಗೆ ‘ಇತಿಹಾಸ, ಮೂರನೇ ಪತ್ರಿಕೆ’ ಎಂದಷ್ಟೇ ಬರೆದಿದ್ದೆ. ಆರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಜಾಗ ಮುಗಿಯುತ್ತ ಬಂದಿತ್ತು, ಇನ್ನೂ ಎರಡು ಪ್ರಶ್ನೆ ಬಾಕಿ.

ಮೇಷ್ಟ್ರು ಆರನೆಯದನ್ನು ಎಂದಿನಂತೆ ಬರೆದಿದ್ದರು. ಸಾವಿರದ ಏಳುನೂರ ತೊಂಬತ್ತೆಂಟರಲ್ಲಿ ಅಮೆರಿಕದ ಆಳುವ ಪಕ್ಷವು ತನ್ನ ಟೀಕಾಕಾರರ ವಿರುದ್ಧ ತಂದ ಕಾನೂನನ್ನು ವಿವರಿಸಿ. ಸಾವಿರದ ಎಂಟುನೂರರ ಚುನಾವಣೆಯಲ್ಲಿ ಮತದಾರರು ಅದಕ್ಕೆ ಕೊಟ್ಟ ಉತ್ತರವನ್ನು ವಿಮರ್ಶಿಸಿ. ನಾನು ಎರಡು ಇಸವಿಯನ್ನೂ ಅಮೆರಿಕವನ್ನೂ ತೆಗೆದುಹಾಕಿದೆ. ಒಂದೂವರೆ ಸಾಲು ಉಳಿಯಿತು. ಪತ್ರಿಕೆಯೇ ಅಮೆರಿಕದ್ದು, ಯಾವ ದೇಶ ಅಂತ ಯಾರಿಗೆ ಗೊತ್ತಿಲ್ಲ ಅಂದುಕೊಂಡೆ. ನನ್ನಾಣೆಗೂ ಅಷ್ಟೇ ಅಂದುಕೊಂಡಿದ್ದು.

ಕೊರೆದ ಸ್ಟೆನ್ಸಿಲನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ನೋಡದೆ ಮೇಷ್ಟ್ರು ಯಾವತ್ತೂ ಯಂತ್ರಕ್ಕೆ ಬಿಟ್ಟವರಲ್ಲ. ಅವತ್ತು ಅವರ ರೈಲಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ಚೀಲ ಹೆಗಲಿಗೇರಿಸಿಕೊಂಡು, ‘ಇಸವಿ ಎಲ್ಲ ಸರಿಯಾಗಿದೆಯೇನಯ್ಯ?’ ಅಂದರು.

‘ಇದೆ ಸಾರ್.’

‘ನೋಡ್ಲಾ ಒಂದ್ಸಲ?’

‘ನಾನೇ ಎರಡು ಸಲ ನೋಡಿದೀನಿ ಸಾರ್. ನೀವು ಹೊರಡಿ, ರೈಲು ತಪ್ಪತ್ತೆ.’

ಹೋದರು. ನನ್ನ ಮಾತಿನ ಮೇಲೆ ಹೋದರು.

ಪರೀಕ್ಷೆಯ ದಿನ ಆರನೆಯ ಪ್ರಶ್ನೆ ಓದಿದ ಹುಡುಗರು ಡೆಸ್ಕು ಕುಟ್ಟಿದರು. ಯಾರೋ ಶಿಳ್ಳೆ ಹಾಕಿದರು. ಪ್ರಶ್ನೆಪತ್ರಿಕೆಯ ಒಂದು ಪ್ರತಿ ಮಧ್ಯಾಹ್ನಕ್ಕೆ ಶಿರಾ ಗೇಟಿನ ಹೋಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತಂತೆ. ಸಂಜೆ ಅದು ಆಳುವ ಪಕ್ಷದ ಆಫೀಸು ಮುಟ್ಟಿತು, ಬೆಳಿಗ್ಗೆ ಪೊಲೀಸ್ ಸ್ಟೇಷನ್ನು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರು ಅದನ್ನು ಹಿಡಿದುಕೊಂಡು ಸ್ಟಾಫ್‌ರೂಮಿಗೆ ಬಂದರು.

‘ಇದನ್ನ ಬರ್ದೋರು ಯಾರ್ರೀ?’

ನನ್ನ ಉಗುರಿನ ಸಂದಿಯಲ್ಲಿ ರೋಲರಿನ ಮಸಿ ಇನ್ನೂ ಹೋಗಿರಲಿಲ್ಲ. ಕೈಗಳನ್ನು ಮೇಜಿನ ಕೆಳಗೆ ಇಳಿಸಿದೆ.

‘ಪತ್ರಿಕೆ ನಂದು’ ಎಂದು ಮೇಷ್ಟ್ರು ಎದ್ದು ನಿಂತರು.

‘ಆಳುವ ಪಕ್ಷ ಅಂತ ಬರ್ದಿದೀರಲ್ಲ, ಯಾವ ಪಕ್ಷ ಸ್ವಾಮಿ?’

‘ಅಮೆರಿಕದ್ದು. ಸಾವಿರದ ಏಳ್ನೂರ ತೊಂಬತ್ತೆಂಟನೇ ಇಸವಿ. ಅದರಲ್ಲೇ ಇದೆಯಲ್ಲ, ಓದಿ.’

‘ಎಲ್ಲಿದೆ? ನೀವೇ ತೋರ್ಸಿ.’

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಹಾಳೆಯನ್ನು ತಿರುಗಿಸಿ ಖಾಲಿಯಿದ್ದ ಹಿಂಬದಿಯನ್ನೂ ನೋಡಿದರು. ಆ ತಿರುಗಿಸಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಮೇಜು ನೋಡಿದೆ.

‘ಬಿಟ್ಟೋಗಿದೆ’ ಅಂದರು.

‘ಯಾರು ಬಿಟ್ಟಿದ್ದು?’

‘ಪತ್ರಿಕೆ ನಂದು ಅಂದ್ನಲ್ಲ.’

ಇನ್‌ಸ್ಪೆಕ್ಟರು ನಡೀರಿ ಅಂದರು. ಹೋಗುವಾಗ ಮೇಷ್ಟ್ರು ನನ್ನ ಕುರ್ಚಿಯ ಹತ್ತಿರ ಒಂದು ಗಳಿಗೆ ನಿಂತು, ‘ಮಧ್ಯಾಹ್ನದ ಸೆಕೆಂಡ್ ಇಯರ್ ಕ್ಲಾಸು ನೀನು ತಗೋ. ಸಾವಿರದ ಎಂಟುನೂರ ನಾಲ್ಕರಿಂದ ಶುರುಮಾಡು’ ಅಂದರು. ಅಮೆರಿಕದ ಉಪಾಧ್ಯಕ್ಷ, ತನ್ನ ರಾಜಕೀಯ ವೈರಿಯಾಗಿದ್ದ ಮಾಜಿ ಖಜಾನೆ ಮಂತ್ರಿಯನ್ನು ನದಿಯಾಚೆ ಕರೆಸಿಕೊಂಡು ಪಿಸ್ತೂಲಿನಿಂದ ಹೊಡೆದು ಕೊಂದ ವರ್ಷ ಅದು. ನಾನು ಆ ಕ್ಲಾಸು ತೆಗೆದುಕೊಂಡೆ. ಚೆನ್ನಾಗಿಯೇ ಮಾಡಿದೆ ಅನ್ನುವುದು ನಾಚಿಕೆಗೇಡು.

ಅವರ ಇಂಗ್ಲಿಷ್ ಕೈಬರಹದ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಅದರಲ್ಲಿ ಎರಡು ಇಸವಿಯೂ ಇದ್ದವು, ದೇಶವೂ ಇತ್ತು, ಕೆಳಗೆ ಅವರ ರುಜುವೂ ಇತ್ತು. ಅದೊಂದನ್ನು ತೋರಿಸಿದ್ದರೆ ಅವರನ್ನು ಹಿಡಿದಿಡಲು ಬೇರೆ ನೆಪ ಹುಡುಕಬೇಕಾಗುತ್ತಿತ್ತು. ಮನೆಗೆ ಹೋದವನೇ ಬಚ್ಚಲ ಹಂಡೆಯ ಒಲೆಗೆ ಅದನ್ನು ಹಾಕಿದೆ. ಹೆಂಡತಿಗೆ ಏಳು ತಿಂಗಳು. ಜೂನ್‌ನಲ್ಲಿ ನನ್ನ ಆರ್ಡರ್ ಆಗಬೇಕಿತ್ತು. ಇವೆಲ್ಲ ನಿಜವಾದ ಕಾರಣಗಳೇ. ಹೇಡಿಗೆ ಕಾರಣಕ್ಕೇನು ಬರ?

ಮೇಷ್ಟ್ರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಒಂದು ದಿನ ಅವರ ಹೆಂಡತಿ ಕಾಲೇಜಿಗೆ ಬಂದರು. ಊರು ಬಿಟ್ಟು ಹೊರಗೆ ಬಂದು ಮಾತಾಡಿ ಅಭ್ಯಾಸವಿಲ್ಲದ ಹೆಂಗಸು, ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದರು. ‘ನಮ್ಮೆಜಮಾನ್ರು ಇಸವಿ ಮರೆಯೋರಲ್ಲಪ್ಪ. ನಮ್ಮ ಮದುವೆ ಲಗ್ನಪತ್ರಿಕೇಲಿ ಬರೀ ತಿಥಿ, ವಾರ ಇದೆ, ಇಸವಿ ಇಲ್ಲ ಅಂತ ನಮ್ಮಪ್ಪಂಗೆ ವಾಪಸ್ ಕಳ್ಸಿದ್ರು. ಎರಡನೇ ಸಲ ಪ್ರಿಂಟ್ ಹಾಕ್ಸಿದ್ವಿ. ಅಂಥೋರು ಹೆಂಗೆ ಬಿಡ್ತಾರೆ? ನೀವು ಪಕ್ಕದಲ್ಲೇ ಕೂರೋರು, ನಿಮಗೇನಾದ್ರೂ ಗೊತ್ತಿರ್ಬೇಕು’ ಅಂದರು. ನಾನು ಅವರಿಗೆ ಕಾಫಿ ತರಿಸಿದೆ. ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಬಸ್ಸು ಹತ್ತಿಸಿ ಬಂದೆ. ಉಪಕಾರ ಮಾಡಿದೆನಂತೆ!

ಎಪ್ಪತ್ತೇಳರಲ್ಲಿ ಬಿಡುಗಡೆಯಾಗಿ ಬಂದರು. ಕೋಟು ಮೈಮೇಲೆ ಜೋಲುತ್ತಿತ್ತು, ಕೆಮ್ಮು ಹತ್ತಿಕೊಂಡಿತ್ತು. ದಿಲ್ಲಿಯಲ್ಲಿ ಹೊಸ ಪಕ್ಷ ಬಂದಿತ್ತು. ಅದರ ಇಲ್ಲಿನ ಮುಖಂಡರು ಟೌನ್‌ಹಾಲಿನ ಹತ್ತಿರ ಶಾಮಿಯಾನ ಹಾಕಿಸಿ, ಮೇಷ್ಟ್ರಿಗೆ ಹಾರ ತಂದರು. ‘ಒಂದು ಪ್ರಶ್ನೆಯಿಂದ ಸರ್ವಾಧಿಕಾರವನ್ನು ನಡುಗಿಸಿದ ಗುರುಗಳು’ ಎಂದು ಮೈಕಿನಲ್ಲಿ ಹೊಗಳಿದರು. ಸುಮ್ಮನೆ ತಲೆ ಬಾಗಿಸಿದ್ದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ಮೇಷ್ಟ್ರು ಮೈಕು ಇಸಕೊಂಡು, ‘ನಾನು ಯಾರನ್ನೂ ನಡುಗ್ಸಕ್ಕೆ ಆ ಪ್ರಶ್ನೆ ಬರೀಲಿಲ್ಲ. ಅಮೆರಿಕದ ಪಾಠ ಮಾಡಿದ್ದೆ, ಅದನ್ನ ಕೇಳಿದ್ದೆ. ಅಚ್ಚಾದ ಪ್ರಶ್ನೆ ತಪ್ಪಾಗಿತ್ತು, ಅದರಲ್ಲಿ ಇಸವಿ ಇರಲಿಲ್ಲ. ತಪ್ಪು ಪ್ರಶ್ನೆಗೆ ಹಾರ ಹಾಕ್ಬೇಡಿ’ ಎಂದು ಕೆಳಗಿಳಿದರು. ಶಾಮಿಯಾನದಲ್ಲಿ ಗುಸುಗುಸು ಎದ್ದಿತು. ‘ಜೈಲು ಕಂಡು ಪುಕ್ಲನಾಗವ್ನೆ ಬುಡು’ ಅಂತ ನನ್ನ ಪಕ್ಕದವನೊಬ್ಬ ಅಂದ. ಜೈಲಿಗೆ ಹಾಕಿದವರಿಗಂತೂ ಅವರು ಮೊದಲೇ ಬೇಡವಾಗಿದ್ದರು. ಹಾರ ತಂದವರಿಗೂ ಅವತ್ತಿನಿಂದ ಬೇಡವಾದರು.

ಕಾಲೇಜಿನ ಆಡಳಿತ ಮಂಡಳಿಗೆ ಇಷ್ಟೇ ಬೇಕಾಗಿತ್ತು. ತಪ್ಪಾಗಿದೆ ಅಂತ ಅವರೇ ಮೈಕಿನಲ್ಲಿ ಒಪ್ಪಿಕೊಂಡಿದ್ದಾರಲ್ಲ ಎಂದು ವಿಚಾರಣೆ ಇಟ್ಟರು. ನನ್ನನ್ನು ಕರೆಸಿ, ‘ಕನ್ನಡಕ್ಕೆ ಮಾಡಿದೋರು ನೀವಲ್ವ? ಮೂಲದಲ್ಲಿ ಇಸವಿ ಇತ್ತಾ?’ ಎಂದು ಸೆಕ್ರೆಟರಿ ಕೇಳಿದರು. ಮೇಷ್ಟ್ರು ಎದುರಿಗೇ ಕೂತಿದ್ದರು. ಅವರ ಎಡಗಡೆ ಜೇಬು ಖಾಲಿಯಾಗಿ ಒಳಕ್ಕೆ ಅಂಟಿಕೊಂಡಿತ್ತು. ‘ಕೊಟ್ಟಿದ್ದನ್ನ ಕೊಟ್ಟ ಹಾಗೇ ಬರೆದೆ ಸಾರ್’ ಅಂದೆ. ಅದನ್ನು ಟೈಪು ಮಾಡಿಸಿ ನನ್ನಿಂದ ರುಜು ಹಾಕಿಸಿಕೊಂಡರು. ಸೆಕ್ರೆಟರಿ ಮೇಷ್ಟ್ರ ಕಡೆ ತಿರುಗಿ, ‘ಇವರನ್ನ ನೀವೇನಾದ್ರೂ ಕೇಳೋದಿದೆಯಾ?’ ಅಂದರು.

‘ಏನಿಲ್ಲ. ಅವನೇ ಹೇಳ್ಬೇಕು’ ಅಂದರು ಮೇಷ್ಟ್ರು. ಸೆಕ್ರೆಟರಿಗೆ ಅರ್ಥವಾಗಲಿಲ್ಲ.

ಸರ್ಕಾರದ ವಿರುದ್ಧ ಬರೆದರು ಅಂತ ತೆಗೆದಿದ್ದರೆ ಅವರು ತಲೆಯೆತ್ತಿಕೊಂಡು ಹೋಗುತ್ತಿದ್ದರು. ಇಸವಿ ಬಿಟ್ಟರು ಅಂತ ತೆಗೆದರು. ಅವರಿಗೆ ಇದಕ್ಕಿಂತ ದೊಡ್ಡ ಅವಮಾನ ಹುಡುಕಿದರೂ ಸಿಗುತ್ತಿರಲಿಲ್ಲ. ಗುಬ್ಬಿಯ ಮನೆಯ ಜಗಲಿಯಲ್ಲಿ ಎಸ್.ಎಸ್.ಎಲ್.ಸಿ. ಫೇಲಾದವರಿಗೆ ಪಾಠ ಹೇಳಿದರು. ಕೆಲವು ವರ್ಷ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಒಂದು ಟ್ಯುಟೋರಿಯಲ್‌ನಲ್ಲಿ ಸಮಾಜ ಪಾಠ ಮಾಡುತ್ತಿದ್ದರಂತೆ. ಅಲ್ಲಿ ಅಮೆರಿಕ ಯಾರಿಗೆ ಬೇಕು? ಆದರೂ ತಿಂಗಳಿಗೊಮ್ಮೆ ಪುಸ್ತಕ ಮುಚ್ಚಿಟ್ಟು, ಸೋತವರು ಗಾಡಿ ಹತ್ತಿ ಊರಿಗೆ ಹೋದ ಕತೆ ಹೇಳುತ್ತಿದ್ದರು ಎಂದು ಅಲ್ಲಿ ಓದಿದವನೊಬ್ಬ ನನಗೆ ಹೇಳಿದ. ನಾನು ಕಾಯಂ ಆದೆ. ಅವರ ಪತ್ರಿಕೆ ನನಗೇ ಬಂತು. ಆಮೇಲೆ ವಿಭಾಗದ ಮುಖ್ಯಸ್ಥನೂ ಆದೆ.

ಅವರಿಗೆ ಬಹಳ ಕಾಯಿಲೆ ಎಂದು ಕೇಳಿ ಒಂದು ಭಾನುವಾರ ಗುಬ್ಬಿಗೆ ಹೋದೆ. ಆಗ ಎಂಬತ್ತಾರನೆಯ ಇಸವಿ. ಹತ್ತು ವರ್ಷವಾಗಿತ್ತು. ಜಗಲಿಯ ಮೇಲೆ ಕಂಬಕ್ಕೊರಗಿ, ಯಾರದೋ ಕಾಪಿ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ತಿದ್ದುತ್ತಿದ್ದರು. ನನ್ನನ್ನು ಕಂಡು ಹೆಂಡತಿಯನ್ನು ಕೂಗಿ, ‘ಕಾಫಿಪುಡಿ ಮುಗಿದದೆ ನೋಡು, ಅಂಗಡಿಗೆ ಹೋಗಿ ಬಾ’ ಎಂದು ಕಳಿಸಿದರು. ಪುಡಿ ಇತ್ತು ಅಂತ ಅವರ ಹೆಂಡತಿಯ ಮುಖವೇ ಹೇಳುತ್ತಿತ್ತು. ಆದರೂ ಹೋದರು.

ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲ. ಅವರ ಪಾಠವನ್ನೇ ಹಿಡಿದುಕೊಂಡೆ. ‘ಸಾರ್, ಎರಡ್ನೇರು, ಮೂರ್ನೇರು ಅಷ್ಟು ವರ್ಷ ಮಾತು ಬಿಟ್ಟಿದ್ದೋರು ಕೊನೆಗೆ ಕಾಗದ ಬರ್ಕೊಂಡ್ರಲ್ಲ. ಸ್ನೇಹಿತ ಡಾಕ್ಟರೊಬ್ಬರು ಮಧ್ಯ ನಿಂತು ಒಂದು ಮಾಡಿದ್ರಲ್ಲ…’

‘ಇಸವಿ?’

‘ಸಾವಿರದ ಎಂಟುನೂರ ಹನ್ನೆರಡು ಸಾರ್.’

‘ಹ್ಞೂ. ಮರೆತಿಲ್ಲ.’

ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಸ್ಟೆನ್ಸಿಲು, ಒಂದೂವರೆ ಸಾಲು, ಹಂಡೆಯ ಒಲೆ. ಅತ್ತುಬಿಟ್ಟೆ. ಅವರು ಕಾಪಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

‘ನನಗೆ ಗೊತ್ತಿರೋದನ್ನ ನನಗೆ ಹೇಳಿ ಏನು ಬಂತಯ್ಯ? ಆ ಇಬ್ಬರೂ ಕಾಗದ ಬರ್ಕೊಂಡಾಗ ಇಬ್ಬರ ಕೈಲೂ ಅಧಿಕಾರ ಇರಲಿಲ್ಲ. ಇಬ್ಬರೂ ಎಲ್ಲ ಬಿಟ್ಟು ಊರಲ್ಲಿ ಕೂತಿದ್ರು. ನೀನೇನು ಬಿಟ್ಟಿದೀಯ?’

ನಾನು ಕಣ್ಣೊರೆಸಿಕೊಂಡೆ.

‘ನನಗೆ ಹೇಳ್ಬೇಡ. ಸೆಕ್ರೆಟರಿಗೆ ಬರ್ದುಕೊಡು. ಇಸವಿ ಇತ್ತು, ದೇಶ ಇತ್ತು, ನಾನು ತೆಗೆದೆ ಅಂತ ಮೂರೇ ಮಾತು. ನನಗೆ ಕೆಲಸ ಬೇಡ. ನನ್ನ ಹೆಸರಿನ ಮುಂದೆ ಇಸವಿ ಬಿಟ್ಟೋನು ಅಂತ ಇರ್ಬಾರ್ದು, ಅಷ್ಟೇ. ಅದೊಂದು ತೆಗೆಸಿಬಿಡು. ತೆಗೆಸಿ ನನಗೊಂದು ಕಾರ್ಡು ಹಾಕು.’

‘ಬರೆದುಕೊಡ್ತೀನಿ ಸಾರ್.’

ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು. ‘ಪ್ರಿನ್ಸಿಪಾಲ್ ಮಾಡೋ ಲಿಸ್ಟಲ್ಲಿ ನಿನ್ನ ಹೆಸರಿದೆಯಂತಲ್ಲ?’ ಅಂದರು.

‘ಇದೆ ಸಾರ್. ಮುಂದಿನ ವರ್ಷ.’

‘ಅದಾದ ಮೇಲೆ ಬರ್ದುಕೊಡ್ತೀಯ?’

ಇಲ್ಲ ಸಾರ್, ನಾಳೆಯೇ ಅನ್ನಬೇಕಿತ್ತು. ಅನ್ನಲಿಲ್ಲ. ಅವರು, ‘ಸರಿ, ಬುಡು’ ಅಂದರು. ಹೆಂಡತಿ ಕಾಫಿಪುಡಿ ತಂದರು. ಮೂವರೂ ಕಾಫಿ ಕುಡಿದೆವು. ಗುಬ್ಬಿಗೆ ಆ ವರ್ಷ ಮಳೆ ಹೆಂಗಾಯ್ತು ಅಂತ ಮಾತಾಡಿದೆವು.

ಕಾಗದ ಬರೆದೆ. ಬರೆಯಲಿಲ್ಲ ಅಂತಲ್ಲ. ಮೂರು ಸಲ ಬರೆದು ಮೂರು ಸಲವೂ ಪೆಟ್ಟಿಗೆಯಲ್ಲಿಟ್ಟೆ. ಮರುವರ್ಷ ಜೂನ್‌ನಲ್ಲಿ ಪ್ರಿನ್ಸಿಪಾಲನಾದೆ. ಆಗಸ್ಟ್‌ನಲ್ಲಿ ಮೇಷ್ಟ್ರು ತೀರಿಕೊಂಡರು.

ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದೆವು. ಅಧ್ಯಕ್ಷತೆ ನನ್ನದೇ. ಇಪ್ಪತ್ತು ನಿಮಿಷ ಮಾತಾಡಿದೆ. ಮೂವತ್ತಾರು ಸಲದ ಓಟು, ಕಡಲೆಕಾಯಿ ಜೇಬು, ಲಗ್ನಪತ್ರಿಕೆ ಎಲ್ಲ ಹೇಳಿದೆ. ಹುಡುಗರು ನಕ್ಕರು, ಆಮೇಲೆ ಮೌನವಾಗಿ ನಿಂತರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸೆರಗು ಹೊದ್ದುಕೊಂಡು ಕೂತಿದ್ದರು. ಸಭೆ ಮುಗಿದು ಜನ ಏಳುತ್ತಿದ್ದಾಗ ವೇದಿಕೆಯ ಮೆಟ್ಟಿಲ ಹತ್ತಿರಕ್ಕೆ ಬಂದರು. ನಾನು ಇಳಿದು ಕೈ ಮುಗಿದೆ.

‘ಚೆನ್ನಾಗಿ ಹೇಳಿದ್ರಪ್ಪ. ಅವರಿದ್ದಿದ್ರೆ ಕೇಳ್ಬೋದಿತ್ತು’ ಅಂದರು. ಹೊರಡಲು ತಿರುಗಿದವರು ಮತ್ತೆ ನಿಂತರು. ‘ನೀವು ಬಂದೋದ ಮೇಲೆ ಅವರು ದಿನಾ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಜಗಲೀಲಿ ಕೂತ್ಕೊಳೋರು. ಕೊನೆ ಕೊನೆಗೆ ಕಣ್ಣು ಮಬ್ಬಾಗಿತ್ತು, ಆದ್ರೂ ಬಿಡ್ತಿರಲಿಲ್ಲ. ತುಮಕೂರಿಂದ ಒಂದು ಕಾರ್ಡು ಬರ್ಬೇಕು, ಬಂತೇನೇ ನೋಡು ಅನ್ನೋರು. ಎಂಥ ಕಾರ್ಡು ಅಂದ್ರೆ ಹೇಳ್ತಿರಲಿಲ್ಲ. ಉಸಿರು ಹೋಗೋ ದಿನಾನೂ ಕೇಳಿದ್ರು.’

ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು.

‘ಅವರಿಗೆ ತುಮಕೂರಿಂದ ಏನಪ್ಪ ಬರ್ಬೇಕಾಗಿತ್ತು? ನಿಮಗೇನಾದ್ರೂ ಗೊತ್ತಾ?’

‘ಗೊತ್ತಿಲ್ಲಮ್ಮ’ ಅಂದೆ.